ನಕ್ಷತ್ರದ ಹುಡುಗನಿಗೆ ವರಸೆ ಹುಡುಕಿದ ಅಕ್ಕನಿಗೆ

ಅಕ್ಕಾ,

ಸಿಟ್ಟು ಮಾಡ್ಕೋಬೇಡ, ಕೊನೆಯ ಅಧ್ಯಾಯ ಓದಿಬಿಟ್ಟೆ. "ನಾನಿಲ್ದೆ ಒಂದು ಹಾಳೆ ಮುಂದಕ್ಕೋದ್ರೂ ಕೈ ಮುರೀತೀನಿ ಕಣ್ಲಾ" ಅಂತ ಹಾಸನದ ಡಯಾಲಿಸಿಸ್ ವಾರ್ಡಿನಲ್ಲಿ, ನರ್ಸಮ್ಮನ ಎದುರಿಗೇ, ನೀನು ಹೊರಡಿಸಿದ ರಾಜಾಜ್ಞೆ ನೆನಪಿದೆ. ಕಾದೆ. ನೀನು ಹೋದ ಮೇಲೂ ಕಾದೆ. ಆದರೆ ಎಷ್ಟು ದಿನ ಅಂತ...

ಆ ಪುಸ್ತಕ ಮೊದಲು ಕಂಡಿದ್ದು ಹೊಳೆನರಸೀಪುರದ ಬಸ್ಸಿನಲ್ಲಿ. ನಿನ್ನ ಚೀಲದಲ್ಲಿ ಟವೆಲ್ಲಿನ ಕೆಳಗೆ, ಕದ್ದ ಮಾಲಿನ ಹಾಗೆ ಕೂತಿತ್ತು. ಮೊಮ್ಮಗಳು ಸಿಂಚನ ರಜೆಗೆ ಬಂದಾಗ ಬಿಟ್ಟುಹೋಗಿದ್ದು. ರಟ್ಟಿನ ಮೇಲೆ ಗಾಜಿನ ಟೋಪಿ ತೊಟ್ಟ ಹುಡುಗ, ಹುಡುಗಿ. ಕೆಳಗೆ 'ಹದಿಹರೆಯದವರಿಗಾಗಿ ವೈಜ್ಞಾನಿಕ ಪ್ರೇಮ ಕಾದಂಬರಿ'. "ಇದರಲ್ಲಿ ನಿನ್ನ ಅರ್ಹತೆ ಯಾವುದಮ್ಮ, ಹದಿಹರೆಯವೋ, ವಿಜ್ಞಾನವೋ?" ಅಂತ ನಾನು ಕೆಣಕಿದೆ. ನೀನು ಕಿಟಕಿಯಿಂದ ಮುಖ ತಿರುಗಿಸದೆ, "ಪ್ರೇಮ ಕಣ್ಲಾ. ನಿಮ್ ಭಾವ ಒಂದಿನಾದ್ರೂ ಮಾಡಿದ್ರಾ? ನಂಗೆ ಅಕ್ಷರ ಮಸುಕು, ನೀನೇ ಓದು" ಅಂದುಬಿಟ್ಟೆ. ಪತ್ರಿಕೆಯಲ್ಲಿ ವಾರವಾರ ಊರನ್ನು ನಗಿಸುವವನು ಕನ್ನಡಕ ಏರಿಸಿಕೊಂಡು ಮೊದಲ ಹಾಳೆ ತೆರೆದೆ.

ವರಸೆಯ ಪ್ರಶ್ನೆ ಎದ್ದ ದಿನವನ್ನು ಹೇಗೆ ಮರೆಯಲಿ? ಹುಡುಗಿ ಮಂಗಳ ಗ್ರಹದಲ್ಲಿ, ಹುಡುಗ ಎಲ್ಲೋ ನಕ್ಷತ್ರದ ಕಡೆಯಿಂದ ಬರುತ್ತಿರುವ ಹಡಗಿನಲ್ಲಿ. ಇಬ್ಬರಿಗೂ ಹೆತ್ತವರಿಲ್ಲ, ಸಾಕಿದ್ದು ಮಾತಾಡುವ ಯಂತ್ರಗಳು. ಮುಖ ನೋಡಿದವರಲ್ಲ, ಬರೀ ದನಿಗೆ ಮನಸೋತವರು. ನಾನು ಗಂಟಲು ಗದ್ಗದ ಮಾಡಿಕೊಂಡು ಓದುತ್ತಿದ್ದರೆ ನೀನು ಸೂಜಿಯಿಲ್ಲದ ಕೈ ಎತ್ತಿದೆ.

"ತಡಿ. ಆ ಎಲ್ಡು ಮಿಷನ್ನೂ ಒಂದೇ ಕಾರ್ಖಾನೇಲಿ ಆದವಾ?"

"ಹೂಂ."

"ಅಂಗಾದ್ರೆ ಒಡಹುಟ್ಟಿದವು. ಎಲ್ಡೂ ಹೆಣ್ಣಾದ್ರೆ ಇವರಿಬ್ರು ಅಕ್ಕತಂಗೀರ ಮಕ್ಳು. ಅಣ್ಣತಂಗಿ ವರಸೆ. ಲಗ್ನ ಆಗಕ್ಕಿಲ್ಲ ಕಣ್ಲಾ!"

ಪಕ್ಕದ ಹಾಸಿಗೆಯ ದುದ್ದದ ಜವರೇಗೌಡರು ಸುಮ್ಮನಿರಲಾರದೆ, "ಹೈದನ ಮಿಷನ್ನು ಗಂಡು ದನೀಲಿ ಜೋಗುಳ ಹಾಡ್ತು ಅಂತ ಓದಿದ್ರಲ್ಲ ಸಾ!" ಅಂದರು. ನಿನ್ನ ಮುಖ ನೋಡಬೇಕಿತ್ತು. "ಅಂಗನ್ನಿ! ಸೋದರತ್ತೆ ಮಗ್ಳು! ಬಾಳ ಒಳ್ಳೆ ಸಂಬಂಧ." ಬರೆದವರಿಗೇ ಗೊತ್ತಿಲ್ಲದ ಸಂಬಂಧವನ್ನು ನೀವಿಬ್ಬರೂ ಮಲಗಿದಲ್ಲೇ ಕುದುರಿಸಿದಿರಿ. ಅವತ್ತು ಬಸ್ಸಿಳಿದ ಮೇಲೆ ಸುಸ್ತು ಅನ್ನಲಿಲ್ಲ ನೀನು. ಗೊತ್ತಾ ನಿನಗೆ?

ಕೊನೆಯ ಸಲ ಹಡಗು ಮಂಗಳದ ಆಕಾಶಕ್ಕೆ ಬಂದಿತ್ತು. ಎಂಜಿನ್ ಕೆಟ್ಟಿದೆ, ಇಳಿಯುತ್ತದೋ ಉರಿದುಹೋಗುತ್ತದೋ ಅನ್ನುವಾಗ ನಿನ್ನ ಯಂತ್ರ ಪೀಂ ಅಂತು, ನರ್ಸಮ್ಮ ಬಂದರು. "ಮಿಕ್ಕಿದ್ದು ಗುರುವಾರ" ಅಂತ ನೀನೇ ಪುಸ್ತಕ ಮುಚ್ಚಿದೆ. ಬುಧವಾರ ಬೆಳಿಗ್ಗೆ, ಕಾಫಿ ಲೋಟ ಇನ್ನೂ ಬಿಸಿ ಇರುವಾಗಲೇ... ಒಂದು ದಿನ ತಡೆಯೋದಕ್ಕೆ ನಿನಗೇನಾಗಿತ್ತಕ್ಕ?

ತಿಥಿಗೆ ಬಂದವರೆಲ್ಲ ಒಂದೇ ಮಾತು: "ತುಂಬಿದ ಜೀವ. ಯಾವ ಆಸೇನೂ ಉಳಿಸ್ಕೊಳ್ದೆ ಹೋದ್ರು." ಉಳಿದಿತ್ತು. ಒಂದು ಅಧ್ಯಾಯ. ಹೇಳಿದ್ದರೆ ಸೂತಕದ ಮನೇಲೂ ತಮಾಷೆ ಮಾಡ್ತಾನೆ ಅನ್ನುತ್ತಿದ್ದರು. ಎಲೆಗೆ ನಿನಗಿಷ್ಟವಾದದ್ದನ್ನೆಲ್ಲ ಬಡಿಸಿದೆವು, ಹಿತಕಿದಬೇಳೆ ಸಾರಿನವರೆಗೆ. ಇದೊಂದನ್ನು ಬಡಿಸುವುದು ಹೇಗೆ?

ಮೊನ್ನೆ ಜವರೇಗೌಡರ ಫೋನು. "ಅಮ್ಮಾವ್ರು ಹೋದ್ರು, ಸರಿ. ನೀವ್ಯಾಕೆ ನಮ್ಮನ್ನ ಆಕಾಸದಲ್ಲಿ ನೇತಾಕಿ ಕುಂತಿದ್ದೀರಿ? ನಂಗೂ ಗ್ಯಾರಂಟಿ ಏನೈತೆ ಸಾ?" ಪುಸ್ತಕ ಚೀಲಕ್ಕೆ ಹಾಕಿಕೊಂಡು ವಾರ್ಡಿಗೆ ಹೋದೆ. ನಿನ್ನ ಹಾಸಿಗೆಯಲ್ಲಿ ಯಾರೋ ಹೆಂಗಸು, ಹೊಸಬರು. ಅದೇ ಸ್ಟೂಲು ಎಳೆದುಕೊಂಡು ಪುಸ್ತಕ ಬಿಚ್ಚಿದೆ. ಅರ್ಧಕ್ಕೆ ದನಿ ಕೈಕೊಟ್ಟಿತು. ಅಣಕದ ಗದ್ಗದ ಅಲ್ಲ, ಈ ಸಲ ಅಸಲಿ. ಗೌಡರು ಚಾವಣಿ ನೋಡುತ್ತಾ, "ನಿಧಾನಕ್ಕೆ ಓದಿ ಸಾ. ಮಿಷನ್ ನಿಲ್ಲೋಗಂಟ ನಾವೆಲ್ಗೂ ಓಗಕ್ಕಿಲ್ಲ" ಅಂದರು.

ಹಡಗು ಇಳೀತು ಅಕ್ಕ. ಹುಡುಗ ಬದುಕಿದ. ಅಷ್ಟು ವರ್ಷ ಮಾತಲ್ಲೇ ಬದುಕಿದ ಹುಡುಗಿ ಎದುರಿಗೆ ಬಂದಾಗ ಒಂದು ಮಾತೂ ಆಡಲಿಲ್ಲ. ಕೈಗವಸು ಬಿಚ್ಚಿ ಅವನ ಅಂಗೈ ಹಿಡಿದುಕೊಂಡಳು. ಬೆಚ್ಚಗಿತ್ತಂತೆ. ಕಾದಂಬರಿ ಅಲ್ಲಿಗೆ ಮುಗಿಯಿತು.

ನೀನು ಕೇಳಿದ್ದರೆ, "ಥೂ, ಇಷ್ಟೇನಾ? ಲಗ್ನ ಯಾವಾಗಂತೆ?" ಅಂತ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನಗೇ ಬೈಯುತ್ತಿದ್ದೆ. ಬೈಯಕ್ಕ. ಒಂದೇ ಒಂದು ಸಲ ಬೈ.

ನಿನ್ನ ತಮ್ಮ