ಒಂದು ಸೊಂಟ, ಮೂರು ಜೊತೆ ಕೈ

ಇಸವಿ 2417, ಆಷಾಢದ ನಲವತ್ತೊಂದನೆಯ ದಿನ
ಕೋಲಾರದ ಕೆಳಗಿನೂರು

ನಾನೂರು ವರ್ಷ ಹಿಂದಿನವರಿಗೆ ವೆಂಕಟಲಕ್ಷ್ಮಿಯ ನಮಸ್ಕಾರಗಳು.

ಆಷಾಢಕ್ಕೆ ನಲವತ್ತೊಂದು ದಿನ ಎಲ್ಲಿಂದ ಬಂತೆಂದು ಕೇಳಬೇಡಿ. ಸೂರ್ಯ ಕಾಣದ ಕಡೆ ತಿಂಗಳು ಮುಗಿಸುವುದು ಊರ ಸಭೆಯ ಇಷ್ಟ. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ಅಕ್ಷರ ಸೊಟ್ಟಗಿದ್ದರೆ ಅದನ್ನೂ ಕ್ಷಮಿಸಿ. ಕೂತರೆ ಸೊಂಟ ಹಿಡಿದುಕೊಳ್ಳುತ್ತದೆಂದು ನಿಂತು, ನಡುನಡುವೆ ಅಡ್ಡಾಡಿ ಬರೆಯುತ್ತಿದ್ದೇನೆ.

ಮೇಲಿನ ಬಿಸಿಲು ತಾಳಲಾಗದೆ ನಮ್ಮ ಮುತ್ತಜ್ಜಂದಿರು ಹಳೆಯ ಚಿನ್ನದ ಗಣಿಗೆ ಇಳಿದರು. ಇಲ್ಲಿ ಸೂರು ತಗ್ಗು. ಹುಟ್ಟಿದಂದಿನಿಂದ ಬಗ್ಗಿ ನಡೆಯುವ ನಮಗೆ ಸೊಂಟ ಬಿಗಿಯುವುದೆಂದರೆ ನಿಮಗೆ ನೆಗಡಿ ಬಂದ ಹಾಗೆ. ಬೆಳಗಾದರೆ ಎಲ್ಲರೂ ಸುರಂಗ ಅಗೆಯಬೇಕು, ಸಂಜೆ ಅಣಬೆ ಮಡಿಗಳಿಗೆ ನೀರು ಹನಿಸಬೇಕು. ಸೊಂಟ ನೋಡಿ ಸಡಿಲಿಸುವವರಿಗೆ ಮಾತ್ರ ಅಗೆಯುವ ಕೆಲಸವಿಲ್ಲ. ಬೆರಳು ಮೆತ್ತಗಿರಲೆಂದು ಕೊಡುವ ಈ ವಿನಾಯಿತಿಗೆ ಕೈರಜೆ ಅನ್ನುತ್ತೇವೆ. ಈವರೆಗೆ ಮೂವರಿಗಿತ್ತು. ಅಗೆಯುವವರು ಸಾಲುತ್ತಿಲ್ಲ, ಇನ್ನು ಒಬ್ಬರಿಗೇ ಎಂದಿದೆ ಸಭೆ. ಯಾರ ಪಟ್ಟು ಮೇಲೆಂದು ನೋಡಲು ನನ್ನ ಸೊಂಟವನ್ನು ಆರಿಸಿದರು. ಊರಿಗೆಲ್ಲ ಹಠಮಾರಿ ಸೊಂಟವಂತೆ. ಮೂವರೂ ಒಂದೊಂದು ವಾರ ನೋಡಿದ್ದಾರೆ. ನಾಳೆ ನಾನು ಹೆಸರು ಹೇಳಬೇಕು.

ಓಬಳಪ್ಪಜ್ಜನದು ಹೆಬ್ಬೆರಳಿನ ಒತ್ತು. ಬೆನ್ನುಮೂಳೆಯ ಎರಡೂ ಪಕ್ಕ ನಿಧಾನವಾಗಿ ಅರೆಯುತ್ತಾನೆ. ಹಾಯೆನಿಸಿ ಅಲ್ಲೇ ನಿದ್ದೆ ಬರುತ್ತದೆ, ಬೆಳಗ್ಗೆ ಎದ್ದರೆ ಸೊಂಟ ಮತ್ತೆ ಹಲಗೆ. ನನ್ನ ತಮ್ಮ ಗುರ್ರಪ್ಪ ಮಗ್ಗುಲಾಗಿ ಮಲಗಿಸಿ, ಭುಜ ಹಿಂದಕ್ಕೆ, ಸೊಂಟ ಮುಂದಕ್ಕೆ ತಿರುಚಿ ಒಂದೇ ಏಟಿಗೆ ಲಟಕ್ ಎನ್ನಿಸುತ್ತಾನೆ. ತಕ್ಷಣ ಎದ್ದು ಕುಣಿಯಬಹುದು. ಅಣಬೆಗೆ ನೀರು ಹನಿಸುವ ಹೊತ್ತಿಗೆ ಮತ್ತೆ ಅದೇ ಗೋಳು. ಮೂರನೆಯವಳು ಮುನಿರತ್ನಮ್ಮ. ನನ್ನ ಮೊಣಕಾಲು ಮಡಿಸಿ ಹಿಡಿದು, ತನ್ನ ಕೈಯನ್ನು ಮೆಲ್ಲಗೆ ತಳ್ಳು ಎನ್ನುತ್ತಾಳೆ. ನಾನು ತಳ್ಳಿ ಬಿಟ್ಟಾಗ ಕಾಲನ್ನು ಎದೆಯ ಕಡೆಗೆ ಒಂದಿಷ್ಟು ಒಯ್ಯುತ್ತಾಳೆ. ಸದ್ದಿಲ್ಲ, ಸುಖವೂ ಇಲ್ಲ. ಬೇಜಾರಾಗಿ ಬೈದೂ ಬಿಟ್ಟೆ. ಆದರೆ ಆ ವಾರದ ಕೊನೆಗೆ, ಬಿದ್ದ ಚಮಚವನ್ನು ಯಾರನ್ನೂ ಕರೆಯದೆ ನಾನೇ ಬಗ್ಗಿ ಎತ್ತಿಕೊಂಡೆ.

ಊರಿಗೆ ಬೇಕಾದವನು ಗುರ್ರಪ್ಪ. ನಾವು ಸೂರಿಗೆ ಕೋಲು ತಟ್ಟಿ, ಸದ್ದು ಕೇಳಿಯೇ ಕಲ್ಲು ಗಟ್ಟಿಯೋ ಟೊಳ್ಳೋ ತಿಳಿದು ಬದುಕಿದ ಜನ. ಅದೇ ಬುದ್ಧಿಯನ್ನು ಮೂಳೆಗೂ ತಂದಿದ್ದೇವೆ. "ಸದ್ದು ಬಂದೈತಲ್ಲ, ಇನ್ನೇನ್ ಬೇಕು" ಅನ್ನುತ್ತಾರೆ. ನಾನು ಗೊತ್ತಿಲ್ಲ ಎಂದರೆ ಸಭೆ ಸದ್ದಿನ ಹಿಂದೆಯೇ ಹೋಗುತ್ತದೆ. ನಿಜಕ್ಕೂ ನನಗೆ ಪೂರ್ತಿ ಗೊತ್ತಿಲ್ಲ. ಮುನಿರತ್ನಮ್ಮ ಕೊನೆಗೆ ಬಂದಳು. ಮೊದಲಿಬ್ಬರ ಶ್ರಮದ ಫಲ ಅವಳ ಪಾಲಿಗೆ ಬಂತೋ, ಸೊಂಟ ತಾನಾಗಿಯೇ ಸಡಿಲಾಯಿತೋ ಯಾರು ಬಲ್ಲರು. ಇದೇ ತಲೆ ತಿನ್ನುತ್ತಿದೆ. ಮೂರು ಹೆಜ್ಜೆಗೆ ಮುಗಿಯುವ ಈ ಕೋಣೆಯಲ್ಲಿ ಸುತ್ತಿ ಸುತ್ತಿ ಸಾಕಾಗಿದೆ.

ನಿಮ್ಮಲ್ಲಿ ಸೊಂಟಗಳಿಗೂ ಬರವಿಲ್ಲ, ಕೈಗಳಿಗೂ ಬರವಿಲ್ಲ. ದಯವಿಟ್ಟು ನೂರಾರು ಜನರ ಮೇಲೆ, ಸರದಿ ಬದಲಿಸಿ ನೋಡಿ. ಯಾವ ಪಟ್ಟಿನ ಗುಣ ಎಷ್ಟು ದಿನ ನಿಂತಿತೆಂದು ಮಕ್ಕಳಿಗೆ ಹೇಳಿಕೊಡಿ, ಅದು ನಮ್ಮವರೆಗೆ ಇಳಿದು ಬರಲಿ. ಒಬ್ಬಳ ಸೊಂಟದ ಮೇಲೆ ಇಂಥ ತೀರ್ಪು ಹೊರಿಸುವುದು ಅನ್ಯಾಯ.

ಈಗಷ್ಟೇ ತಮ್ಮ ಇಣುಕಿ, "ಹೆಂಗೈತಕ್ಕಾ ಸೊಂಟ" ಎಂದು ಕೇಳಿ ಹೋದ. ಪರವಾಗಿಲ್ಲ ಎಂದೆ. ಅನುಮಾನ ಏನೇ ಇರಲಿ, ಆ ಚಮಚ ಎತ್ತಿಕೊಂಡದ್ದು ನಿಜ; ನಾಳೆ ನಾನು ಹೇಳುವುದು ಮುನಿರತ್ನಮ್ಮನ ಹೆಸರು. ನಾಡಿದ್ದು ಅವನ ಕೈಗೆ ಗುದ್ದಲಿ ಬರುತ್ತದೆ. ಸುರಂಗದಲ್ಲಿ ಅವನ ಪಕ್ಕದ ಜಾಗ ನನ್ನದೇ.