ಸೊಸೆಗೆ ಈ ಕ್ಲಾಸು ಸಾಲದು

ಮೇಳಿಗೆ
ಗುರುವಾರ

ವೇದಾವತಿ ಟೀಚರಿಗೆ ಗುತ್ಯಮ್ಮನ ನಮಸ್ಕಾರಗಳು.

ತೀರ್ಥಹಳ್ಳಿಯ ನಿಮ್ಮ ಸಂಜೆ ಕ್ಲಾಸಿಗೆ ನನ್ನ ಜೊತೆ ಬರುವ ಸೊಸೆ ಸುಚಿತ್ರಾ ಸೈಬರ್ ಸೆಕ್ಯುರಿಟಿ ಪರೀಕ್ಷೆ ಕಟ್ಟಿದ್ದಾಳೆ. ಅದಕ್ಕೆ ಶಿವಮೊಗ್ಗದಲ್ಲಿ ಬೇರೆ ತರಬೇತಿ ಇದೆಯಂತೆ. ಹೋಗು ಎಂದರೆ, "ಟೀಚರ್ ಹೇಳ್ಕೊಡೋದೇ ಸಾಕು, ಸುಮ್ನಿರಿ ಅತ್ತೆ" ಅಂತಾಳೆ.

ಸಾಕಾಗುವುದಿಲ್ಲ ಎಂದು ನನಗೂ ಗೊತ್ತು. ನೀವು ನಮ್ಮಂಥ ವಯಸ್ಸಾದವರಿಗೆ ಅಕ್ಷರ ಕಲಿಸುತ್ತೀರಿ, ಒಟಿಪಿ ಯಾರಿಗೂ ಕೊಡಬೇಡಿ ಎನ್ನುತ್ತೀರಿ. ಅವಳು ಹಿಂದಿನ ಬೆಂಚಿನಲ್ಲಿ ಕೂತು ತನ್ನ ದಪ್ಪ ಪುಸ್ತಕ ಓದುತ್ತಾಳೆ. ಅವಳು ಬರುವುದೇ ನನ್ನನ್ನು ಮನೆಗೆ ಕರೆದುಕೊಂಡು ಹೋಗುವುದಕ್ಕೆ. ಬೋರ್ಡು ಓದಲು ಬಾರದೆ ನಾನೊಮ್ಮೆ ಹೊಸನಗರದ ಬಸ್ಸು ಹತ್ತಿದ್ದೆ. ಆ ಹೆದರಿಕೆ ಅವಳಿಗಿನ್ನೂ ಹೋಗಿಲ್ಲ.

ಈಗ ನಾನು ಬೋರ್ಡು ಓದುತ್ತೇನೆ. ಈ ಕಾಗದವನ್ನೂ ನಾನೇ ಬರೆದದ್ದು. ಇದನ್ನು ತೋರಿಸದೆ, ಈ ಕ್ಲಾಸು ನಿನ್ನ ಪರೀಕ್ಷೆಗೆ ಸಾಲದು ಎಂದು ಅವಳಿಗೆ ನೀವೇ ಹೇಳಿಬಿಡಿ. ನಿಮ್ಮ ಮಾತನ್ನು ಕೇಳುತ್ತಾಳೆ.

ವಾಟ್ಸಾಪಿನಲ್ಲಿ ಬರೆದರೆ ಅವಳ ಕಣ್ಣಿಗೆ ಬೀಳುತ್ತದೆ. ಮನೆಯವರ ಹೆಸರನ್ನು ಪಾಸ್‌ವರ್ಡ್ ಆಗಿ ಇಡಬಾರದು ಎಂದು ನೀವು ಎಷ್ಟು ಸಲ ಹೇಳಿದ್ದೀರಿ. ನನ್ನ ಫೋನಿನದು ಅವಳ ಹೆಸರೇ. ಬೈಯಬೇಡಿ ಟೀಚರ್, ನಾನು ಮೊದಲು ಬರೆಯಲು ಕಲಿತದ್ದು ಅದನ್ನೇ.

ಇನ್ನು ಒಬ್ಬಳೇ ಬರಲಿರುವ
ಗುತ್ಯಮ್ಮ