ನಿದ್ದೆಯೋ, ಕತ್ತಲೆಯೋ

ಕ್ಯಾಲ್ಯುಮೆಟ್, ಮಿಷಿಗನ್
ಮಾರ್ಚ್ ೮, ಶನಿವಾರ

ಪ್ರೀತಿಯ ಆರ್ವಿಡ್,

ಈ ಎರಡು ಶಬ್ದ ಬರೆದುಬಿಟ್ಟೆ. ಬೇರೆ ಏನೆಂದು ಕರೆಯಬೇಕೋ ತೋಚಲಿಲ್ಲ, ಹಾಗೇ ಇರಲಿ. ಡುಲೂತ್‌ನಲ್ಲಿ ನಿನ್ನ ಅಣ್ಣನ ಮನೆಯವರೆಲ್ಲ ಚೆನ್ನಾಗಿದ್ದಾರೆಂದು ನಂಬಿದ್ದೇನೆ. ಇಲ್ಲಿ ಹಿಮ ಇನ್ನೂ ಅಡುಗೆಮನೆಯ ಕಿಟಕಿಯ ಅರ್ಧಕ್ಕಿದೆ. ಹಬೆಸ್ನಾನದ ಕೋಣೆಯ, ನಮ್ಮ ಸೌನಾದ, ಚಿಮಣಿ ಬಿದ್ದುಹೋಗಿದೆ. ನನ್ನೊಬ್ಬಳಿಗಾಗಿ ಅದನ್ನು ಕಟ್ಟಿಸುವ ಮನಸ್ಸಾಗಲಿಲ್ಲ.

ವೈನೋ ಹೋದ. ಶ್ವಾಸಕೋಶದ ಕಾಯಿಲೆ. ಇವತ್ತು ಮಣ್ಣು ಮಾಡಿ ಬಂದೆವು. ನಾನೂ ಹೋಗಿದ್ದೆ, ಸಿಟ್ಟಾಗಬೇಡ. ಅವನ ಹೆಂಡತಿ ಹಿಲ್ಮಾ ನನ್ನನ್ನು ಕಂಡು ಕೈಯಲ್ಲಿದ್ದ ಕಾಫಿ ಲೋಟವನ್ನು ಯಾರಿಗೋ ಕೊಟ್ಟು, ನನ್ನ ತೋಳು ಹಿಡಿದು, ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು.

ನಮ್ಮ ಮಗಳು ಕೈಸಾ ಅವನ ಟ್ರಕ್ಕಿಗೆ ಸಿಕ್ಕಿ ಹೋದ ಬೆಳಿಗ್ಗೆಯ ಬಗ್ಗೆ ಅವನು ಎರಡು ಮಾತು ಆಡಿದ್ದ, ನೆನಪಿದೆಯಲ್ಲ? ಪೊಲೀಸರಿಗೆ, "ಕತ್ತಲಿತ್ತು, ಹುಡುಗಿ ಕಾಣ್ಲಿಲ್ಲ" ಎಂದ. ವಾರ ಕಳೆದು ಚರ್ಚಿನ ಬಾಗಿಲಲ್ಲಿ ನಿನ್ನ ಕೈ ಹಿಡಿದು, "ಗಡಿಯಾರ ಮುಂದಿಟ್ಟಾಗಿಂದ ಕಣ್ಣಿಗೆ ನಿದ್ದೆನೇ ಹತ್ತಿರ್ಲಿಲ್ಲ, ಮಂಪರಲ್ಲಿದ್ದೆ ಅಂತ ಕಾಣತ್ತೆ" ಎಂದು ಅತ್ತ. ನಾನು ಮೊದಲನೆಯದನ್ನು ಹಿಡಿದುಕೊಂಡೆ, ನೀನು ಎರಡನೆಯದನ್ನು. ಶುಕ್ರವಾರ ಬೆಳಕಿನಲ್ಲಿ ಶಾಲೆಯ ಬಸ್ಸು ಹತ್ತಿದ ಹುಡುಗಿ, ಪ್ರತಿ ಮಾರ್ಚಿನ ಹಾಗೆ ಭಾನುವಾರ ಎಲ್ಲರೂ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟ ಮೇಲೆ, ಸೋಮವಾರ ಅದೇ ಬಸ್ಸಿಗೆ ಕತ್ತಲಲ್ಲಿ ನಿಂತಿದ್ದಳು. ನನಗೆ ಬೇರೆ ಕಾರಣ ಬೇಕಿರಲಿಲ್ಲ. ಆದ್ದರಿಂದಲೇ, ಬೆಳಿಗ್ಗೆಗೆ ಬೆಳಕು ಕೊಡುವ ಚಳಿಗಾಲದ ಸಮಯವೇ ವರ್ಷವಿಡೀ ಇರಲಿ ಎಂದೆ. ನೀನು ಗಂಟೆ ಮುಂದಿಟ್ಟ ಬೇಸಿಗೆಯ ಸಮಯವೇ ಇರಲಿ, ಜನರ ನಿದ್ದೆ ಕೆಡಿಸುವುದು ನಿಂತರೆ ಸಾಕು ಎಂದೆ. ಬದಲಾವಣೆ ಬೇಡ ಎನ್ನುವುದರಲ್ಲಿ ಇಬ್ಬರಿಗೂ ಒಂದೇ ಮನಸ್ಸು. ಗಡಿಯಾರ ಬದಲಿಸುವುದನ್ನು ನಿಲ್ಲಿಸುವ ಮಸೂದೆಗಾಗಿ ಊರೂರು ಸುತ್ತಿ ಸಹಿ ಸಂಗ್ರಹಿಸುವಾಗ ಈ ಭೇದವನ್ನು ಮಾತಿಗೇ ತರುತ್ತಿರಲಿಲ್ಲ.

ಹೋದ ವರ್ಷ ರಾಜಧಾನಿ ಲ್ಯಾನ್ಸಿಂಗ್‌ನಲ್ಲಿ ಶಾಸನಸಭೆಯ ಸಮಿತಿಯವರು ಅದನ್ನೇ, ಯಾವ ಸಮಯ ಇರಲಿ ಎಂದು, ಕೇಳಿದರು. ನಾನು ಒಂದು ಹೇಳಿ ಬಂದು ಕೂತೆ. ನೀನು ಎದ್ದುಹೋಗಿ ಇನ್ನೊಂದು ಹೇಳಿದೆ. ಆ ಅಧ್ಯಕ್ಷರು ಕನ್ನಡಕ ತೆಗೆದು, "ಒಂದೇ ಮನೆಯ ಗಂಡ ಹೆಂಡ್ತಿಗೇ ಹೊಂದಾಣಿಕೆ ಆಗ್ತಿಲ್ಲ. ಇಡೀ ರಾಜ್ಯಕ್ಕೆ ನಾವೇನು ಹೇಳೋಣ ಮೇಡಂ?" ಅಂದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮಸೂದೆ ಅಲ್ಲಿಗೇ ಮುಗಿಯಿತು.

ವಾಪಸು ಬರುವಾಗ ಸೇತುವೆಯ ಮೇಲೆ ನೀನು, "ಚಳಿಗಾಲದಲ್ಲಿ ಸೂರ್ಯ ಹತ್ತು ಗಂಟೆಗೇ ಹುಟ್ಲಿ ಬಿಡೇ, ಏನೀಗ?" ಎಂದೆ. "ಮಕ್ಕಳನ್ನ ಕತ್ತಲಲ್ಲಿ ನಿಲ್ಲಿಸ್ತೀನಿ ಅಂತೀಯಲ್ಲ, ನೀನೂ ಒಬ್ಬ ಅಪ್ಪನಾ?" ಎಂದೆ ನಾನು. ಮರುದಿನ ನೀನು ಪೆಟ್ಟಿಗೆ ಕಟ್ಟಿದೆ.

ಈ ವರ್ಷ ಆ ಮಸೂದೆಯ ಸುದ್ದಿಯನ್ನೇ ಯಾರೂ ಎತ್ತಲಿಲ್ಲ. ನಮ್ಮ ಪ್ರತಿನಿಧಿಯ ಕಚೇರಿಯಿಂದ ಫೋನಿಗೂ ಉತ್ತರವಿಲ್ಲ. ಬೇಕರಿಯ ಐಲಿ ನನ್ನನ್ನು ಕಂಡರೆ, "ಬಂದ್ಲಪ್ಪಾ ಗಡಿಯಾರದಮ್ಮ! ಈ ಸಲನಾದ್ರೂ ಸೂರ್ಯನಿಗೆ ಬುದ್ಧಿ ಹೇಳಿದ್ಯಾ?" ಎನ್ನುತ್ತಾಳೆ. ಕೆಟ್ಟವಳಲ್ಲ, ನನ್ನನ್ನು ನಗಿಸಬೇಕೆಂಬ ಆಸೆ ಅವಳಿಗೆ. ನಾಳೆ ಮತ್ತೆ ಗಡಿಯಾರ ಮುಂದಿಡುವ ದಿನ. ಸೋಮವಾರ ಬಸ್ಸಿನ ಹೊತ್ತಿಗೆ ನಾನು ಪರದೆ ಸರಿಸುವುದಿಲ್ಲ.

ವೈನೋನನ್ನು ಆಸ್ಪತ್ರೆಯಲ್ಲಿ ಒಮ್ಮೆ ನೋಡಿ ಬಂದಿದ್ದೆ. ಏಲಕ್ಕಿ ಬ್ರೆಡ್ಡು ಒಯ್ದಿದ್ದೆ, ತಿನ್ನುವ ಸ್ಥಿತಿಯಲ್ಲಿರಲಿಲ್ಲ. ನಿದ್ದೆಯೋ, ಕತ್ತಲೆಯೋ, ಈಗಲಾದರೂ ಹೇಳು ಎಂದು ಕೇಳಿಯೂಬಿಟ್ಟೆ. ನೆನಪಿಲ್ಲ ಎಂದು ಗೋಡೆಯ ಕಡೆ ತಿರುಗಿದ. ಅಷ್ಟೇ.

ನಿನ್ನ ದಪ್ಪ ಕೋಟು ಇಲ್ಲೇ ಇದೆ. ಬೇಕಿದ್ದರೆ ಕಳಿಸುತ್ತೇನೆ.

ನಿನ್ನ (ಇನ್ನೂ ಹೀಗೆ ಬರೆಯಬಹುದಾದರೆ)
ಲೆಂಪಿ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಹರಿದೆ. ವೈನೋ ನೆನಪಿಲ್ಲ ಎನ್ನಲಿಲ್ಲ. ಅವನು ಹೇಳಿದ್ದು ಇದು: "ನಿದ್ದೆನೂ ಅಲ್ಲ, ಕತ್ತಲೂ ಅಲ್ಲ ಲೆಂಪಿ. ಲೈಟ್ ಹಾಕಿದ್ದೆ, ರಸ್ತೆ ಚೆನ್ನಾಗೇ ಕಾಣ್ತಿತ್ತು. ಟ್ರಕ್ಕಿನ ಗಡಿಯಾರ ಇನ್ನೂ ಹಳೇ ಟೈಮೇ ತೋರಿಸ್ತಿತ್ತು. ಬಗ್ಗಿ ಅದನ್ನ ಮುಂದಕ್ಕೆ ತಿರುಗಿಸ್ತಿದ್ದೆ. ತಲೆ ಎತ್ತೋಷ್ಟರಲ್ಲಿ ಆಗೋಗಿತ್ತು. ಇಷ್ಟು ಸಣ್ಣ ವಿಷಯಕ್ಕೆ ನಿಮ್ಮ ಮಗು ಹೋಯ್ತು ಅಂತ ಯಾವ ಬಾಯಲ್ಲಿ ಹೇಳ್ಲಿ?"

ಇದು ಮೊದಲೇ ಗೊತ್ತಿದ್ದರೆ ನಾವಿಬ್ಬರೂ ಆ ಸಮಿತಿಯೆದುರು ಜೊತೆಗೆ ನಿಂತು, ಯಾವ ಸಮಯವಾದರೂ ಇರಲಿ, ಮುಟ್ಟದೆ ಬಿಡಿ ಎಂದಷ್ಟೇ ಹೇಳಿ ಬರುತ್ತಿದ್ದೆವು. ಈಗ ಕೇಳುವವರಿಲ್ಲ. ಇದನ್ನು ಓದಿ ಓಡಿ ಬರಬೇಡ ಆರ್ವಿಡ್. ಬಂದರೆ ಏನು ಮಾತಾಡುವುದು? ನಮ್ಮಿಬ್ಬರ ನಡುವೆ ಆ ಜಗಳವೊಂದಾದರೂ ಉಳಿದಿತ್ತು.